ಕೊಡದ ನೀರು ಕುಡಿದ ಮರ

ಸರ್ವೆ ಕಡಿಯಲೆಂದೇ ಬೆಳೆಸುವ ಮರ. ವರ್ಷವಿಡೀ ಹಸಿರಾಗಿರುತ್ತದೆ. ಎಳವೆಯಲ್ಲಿ ವರ್ಷಕ್ಕೆ 2ರಿಂದ 3 ಮೀಟರ್ ಎತ್ತರಕ್ಕೆ ಏರುತ್ತದೆ. ನೀರಾವರಿ ಇದ್ದಲ್ಲಿ ನಾಲ್ಕರಿಂದ ಆರು ವರ್ಷದೊಳಗೆ ಕಂಬಕ್ಕೂ ಸೌದೆಗೂ ಕಾಗದದ ತಿರುಳಿಗೂ ಒದಗುತ್ತದೆ. ಹಾಗೇ ಬಿಟ್ಟರೆ 40–50 ವರ್ಷ ಬಾಳಬಲ್ಲ ಮರವನ್ನು ಅದರ ಆಯುಷ್ಯದ ಹತ್ತರಲ್ಲೊಂದು ಪಾಲು ಕಳೆಯುವ ಹೊತ್ತಿಗೆ ನೆಲಕ್ಕೆ ಕೆಡವಲಾಗುತ್ತದೆ. ಕೆಡವುವವರು ಹೊರಗಿನವರಲ್ಲ. ಬೀಜ ಬಿತ್ತಿ, ಚಪ್ಪರದ ನೆರಳು ಕಟ್ಟಿ, ಬಿಸಿಲಿನ ದಿನಗಳಲ್ಲಿ ಕೊಡ ಹೊತ್ತು ನೀರೆರೆದವರೇ ಕೊಡಲಿಯನ್ನೂ ಹಿಡಿಯುತ್ತಾರೆ. ಸಾಕಿದ ಕೈಯೇ ಕಡಿಯುವುದು ಧರ್ಮವೇ ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ.

ಈ ಪ್ರಶ್ನೆ ಹಳೆಯದು. ಭಾರತದ ಧರ್ಮಗ್ರಂಥಗಳೂ ಶಿಲ್ಪಶಾಸ್ತ್ರವೂ ಕಾವ್ಯವೂ ಇದನ್ನು ಎದುರಿಸಿವೆ. ಇದನ್ನು ನೆಲದ ಮೇಲಿಟ್ಟು ನೋಡಲು ಹೊಸಪೇಟೆ ಸೀಮೆ ತಕ್ಕ ಜಾಗ. ತುಂಗಭದ್ರೆಯ ಕಾಲುವೆಯಡಿ ಕಬ್ಬು, ಬಾಳೆ, ಭತ್ತ ಬೆಳೆಯುವ ಹೊಸಪೇಟೆ–ಕಂಪ್ಲಿ, ಮರದ ಅರಮನೆಗಳು ಉರಿದುಹೋಗಿ ಕಲ್ಲಷ್ಟೇ ಉಳಿದಿರುವ ಹಂಪಿ, ಕಾಡನ್ನೂ ಕಬ್ಬಿಣದ ಅದಿರನ್ನೂ ಒಂದೇ ಬೆಟ್ಟದಲ್ಲಿ ಹೊತ್ತಿರುವ ಸಂಡೂರು ಇಲ್ಲಿ ಅಕ್ಕಪಕ್ಕದಲ್ಲಿವೆ. ಬೆಳೆಸುವುದು, ಕಡಿಯುವುದು, ಉಳಿಸುವುದು ಎಂಬ ಮೂರೂ ಕೆಲಸಗಳು ಒಂದೇ ದಿನದ ದಾರಿಯಲ್ಲಿ ಕಾಣಸಿಗುತ್ತವೆ.

ಮರ ಮತ್ತು ಅದರ ಆರೈಕೆ

ಸರ್ವೆಗೆ ಗಾಳಿಮರ ಎಂಬ ಹೆಸರೂ ಇದೆ. ತೋಪಿನಲ್ಲಿ ಗಾಳಿ ಬೀಸಿದಾಗ ಏಳುವ ಮೊರೆತದಿಂದ ಬಂದ ಹೆಸರು ಅದು. ಸಸ್ಯಶಾಸ್ತ್ರದ ಹೆಸರಾದ ಕ್ಯಾಸುವರಿನಾ, ಜೋತುಬಿದ್ದ ಕಡ್ಡಿಗಳು ಕ್ಯಾಸೊವರಿ ಹಕ್ಕಿಯ ಗರಿಯಂತೆ ಕಾಣುವುದರಿಂದ ಬಂದದ್ದು. ಆಗ್ನೇಯ ಏಷ್ಯಾ ಮತ್ತು ಆಸ್ಟ್ರೇಲಿಯಾದ ಕಡಲಂಚು ಇದರ ಮೂಲ ನೆಲೆ. ಕರ್ನಾಟಕಕ್ಕೆ ಇದು ತೋಪಿನ ಮರವಾಗಿ ಬಂದದ್ದು ಕಾರವಾರದ ಕರಾವಳಿಯಲ್ಲಿ, 1868ರ ಸುಮಾರಿಗೆ, ಸೌದೆಗಾಗಿ. ಮುಂದೆ ಕಟ್ಟಡದ ಸಾರುವೆಗೆ, ಚಪ್ಪರಕ್ಕೆ, ಬಾಳೆಯ ಗೊನೆಗೆ ಆನಿಕೆ ಕೊಡಲು ಸರ್ವೆಯ ಕೋಲು ಒಳನಾಡಿಗೂ ಪರಿಚಿತವಾಯಿತು.

ಈ ಮರದಲ್ಲಿ ಎಲೆಯೆಂದು ಕಾಣುವುದು ಎಲೆಯಲ್ಲ. ಸೂಜಿಯಂಥ ಹಸಿರು ಕಡ್ಡಿಯೊಂದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಅದು ಗೆಣ್ಣಿನಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ತುದಿಯಲ್ಲಿ ಬಳೆಯಂತೆ ಸುತ್ತುಗಟ್ಟಿದ ಆರರಿಂದ ಎಂಟು ಪುಟ್ಟ ಹಲ್ಲುಗಳು ಕಾಣುತ್ತವೆ. ಎಲೆಗಳೆಂದರೆ ಆ ಹಲ್ಲುಗಳು. ಹಸಿರು ತುಂಬಿಕೊಂಡು ಅನ್ನ ತಯಾರಿಸುವುದು ಕಡ್ಡಿಯೇ. ಎಲೆ ಇಷ್ಟು ಕಿರಿದಾದ್ದರಿಂದ ನೀರು ಆವಿಯಾಗುವುದು ಕಡಿಮೆ. ಹಳೆಯ ಕಡ್ಡಿ ಉದುರುತ್ತಲೇ ಹೊಸದು ಬರುವುದರಿಂದ ಮರ ಎಂದೂ ಬೋಳಾಗುವುದಿಲ್ಲ.

ಬೀಜ ಬಲು ಸಣ್ಣದು. ಒಂದು ಕಿಲೋಗ್ರಾಂನಲ್ಲಿ ಲಕ್ಷಗಟ್ಟಲೆ ಬೀಜಗಳಿರುತ್ತವೆ. ಮರಳು ಬೆರೆಸಿದ ಪಾತಿಯಲ್ಲಿ ತೆಳುವಾಗಿ ಚೆಲ್ಲಿ, ಮೇಲೆ ಹುಲ್ಲು ಹರಡಿ, ಹನಿ ಸಿಡಿಯದ ಹಾಗೆ ನೀರು ಚಿಮುಕಿಸಬೇಕು. ಇರುವೆಗಳು ಬೀಜ ಹೊತ್ತೊಯ್ಯದಂತೆ ಕಾಯಬೇಕು. ಎರಡು ವಾರದೊಳಗೆ ಮೊಳಕೆ ಬರುತ್ತದೆ. ಸಸಿ ಒಂದು ಗೇಣಿನ ಅರ್ಧದಷ್ಟಾದಾಗ ಪಾತಿಯಿಂದ ಎಬ್ಬಿಸಿ ಚೀಲಕ್ಕೆ ಹಾಕುತ್ತಾರೆ. ಆ ಚೀಲದ ಮಣ್ಣಿಗೆ ಹಳೆಯ ಸರ್ವೆ ತೋಪಿನ ಮಣ್ಣನ್ನೋ, ಅಲ್ಲಿನ ಮರಗಳ ಬೇರುಗಂಟುಗಳನ್ನೋ ಒಂದಿಷ್ಟು ಬೆರೆಸುವುದು ವಾಡಿಕೆ. ಆ ಗಂಟುಗಳಲ್ಲಿ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಇರುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದು ಅದರ ಕೆಲಸ. ಸರ್ವೆ ಬಡ ಮರಳಿನಲ್ಲೂ ಹುಲುಸಾಗಿ ಬೆಳೆಯುವ ಗುಟ್ಟು ಇಲ್ಲಿದೆ. ಹಿರಿಯ ಮರದ ಬುಡದ ಮಣ್ಣಿಲ್ಲದೆ ಹೊಸ ನೆಲದಲ್ಲಿ ಕಿರಿಯ ಸಸಿ ಸೊರಗುತ್ತದೆ.

ಮೂರು ನಾಲ್ಕು ತಿಂಗಳ ಸಸಿಯನ್ನು ಮುಂಗಾರಿನಲ್ಲಿ ನೆಡುತ್ತಾರೆ. ಎರಡೆರಡು ಮೀಟರ್ ಅಂತರವಿಟ್ಟರೆ ಎಕರೆಗೆ ಸುಮಾರು 1,000 ಸಸಿ, ಒಂದೊಂದು ಮೀಟರ್ ಆದರೆ ಸುಮಾರು 4,000. ಒತ್ತಾಗಿ ನೆಟ್ಟರೆ ತೆಳು ಕೋಲು, ಬಿಡಿಯಾಗಿ ನೆಟ್ಟರೆ ದಪ್ಪ ಕಂಬ. ಹಗುರವಾದ ಮಸಾರಿ ಮಣ್ಣು, ಹೊಳೆದಂಡೆಯ ಮರಳು ಇದಕ್ಕೆ ಒಗ್ಗುತ್ತವೆ. ನೀರು ನಿಲ್ಲುವ ಎರೆ ಭೂಮಿಯಲ್ಲಿ ಬೇರು ಉಸಿರುಗಟ್ಟುತ್ತದೆ. ಉಪ್ಪನ್ನು ಮಾತ್ರ ಇದು ಬಹಳಷ್ಟು ಸಹಿಸುತ್ತದೆ. ತುಂಗಭದ್ರಾ ಅಣೆಕಟ್ಟೆ ಕಟ್ಟಿ 1953ರಿಂದ ಕಾಲುವೆ ಹರಿದ ಮೇಲೆ ಅಚ್ಚುಕಟ್ಟಿನ ತಗ್ಗು ಹೊಲಗಳು ಅತಿ ನೀರಿನಿಂದ ಚೌಳಾಗಿವೆ. ಅಂಥಲ್ಲಿ ಬದು ಎತ್ತರಿಸಿ, ಬಸಿಗಾಲುವೆ ತೆಗೆದು ಬೆಳೆಸಬಹುದಾದ ಕೆಲವೇ ಮರಗಳಲ್ಲಿ ಸರ್ವೆಯ ಜಾತಿಯೂ ಒಂದು.

ಮೊದಲ ವರ್ಷ ಕಳೆ ತೆಗೆಯುವುದು, ಮಳೆ ಹಿಂದೆಗೆದಾಗ ನೀರೆರೆಯುವುದು, ಆಡುಗಳು ಬಾಯಿ ಹಾಕದಂತೆ ಬೇಲಿ ಕಟ್ಟುವುದು ಮುಖ್ಯ. ಎರಡನೆಯ ವರ್ಷ ಕೆಳಗಿನ ಕೊಂಬೆ ಸವರಿದರೆ ಕಾಂಡ ನೇರವಾಗುತ್ತದೆ. ತೊಗಟೆ ತಿನ್ನುವ ಹುಳು ಕೊರೆದ ತೂತುಗಳನ್ನು ಹುಡುಕಿ ಚೊಕ್ಕಟ ಮಾಡಬೇಕು. ತೊಗಟೆಯಲ್ಲಿ ಗುಳ್ಳೆ ಎದ್ದು ಕಪ್ಪು ಪುಡಿ ಉದುರುವ ಶಿಲೀಂಧ್ರ ರೋಗ ಕಂಡರೆ ಆ ಮರವನ್ನು ಬೇರುಸಮೇತ ತೆಗೆದು ಸುಡಬೇಕು. ಉದುರಿದ ಕಡ್ಡಿಗಳ ಹಾಸು ಬೇಗ ಬೆಂಕಿ ಹಿಡಿಯುವುದರಿಂದ ತೋಪಿನ ಸುತ್ತ ಬೆಂಕಿಗೆರೆ ಇರಬೇಕು. ಇಷ್ಟು ಕಾಲ ಒಂದೊಂದು ಗಿಡದ ಬುಡಕ್ಕೂ ಹೋಗಿ ಬಂದವರಿಗೆ ಯಾವ ಸಾಲಿನ ಯಾವ ಗಿಡ ಸೊರಗಿತ್ತು, ಯಾವುದು ಚೇತರಿಸಿಕೊಂಡಿತು ಎಂಬುದು ಮನೆಯ ಮಕ್ಕಳ ವಿಷಯದಷ್ಟೇ ಗೊತ್ತಿರುತ್ತದೆ.

ಕೂಳೆ ಇಲ್ಲದ ಮರ

ಕಂಪ್ಲಿಯ ಕಬ್ಬಿನ ಗದ್ದೆಯಲ್ಲಿ ಕಟಾವಿನ ನಂತರ ಉಳಿದ ಬುಡವೇ ಚಿಗುರಿ ಕೂಳೆ ಬೆಳೆಯಾಗುತ್ತದೆ. ಬಾಳೆಯ ಗೊನೆ ಕೊಯ್ದು ದಿಂಡು ಕಡಿದರೆ ಪಕ್ಕದಲ್ಲಿ ಕಂದು ನಿಂತಿರುತ್ತದೆ. ನೀಲಗಿರಿಯನ್ನು ಕಡಿದರೂ ಬೊಡ್ಡೆಯ ಸುತ್ತ ಚಿಗುರು ಏಳುತ್ತದೆ. ಇವುಗಳನ್ನು ಕಡಿಯುವವರು ಮೇಲಿನದನ್ನಷ್ಟೇ ತೆಗೆದುಕೊಂಡೆವು, ಜೀವವನ್ನಲ್ಲ ಎಂದು ಹೇಳಿಕೊಳ್ಳಬಹುದು. ಸಾಮಾನ್ಯವಾಗಿ ಬೆಳೆಯುವ ಸರ್ವೆಗೆ ಹೇಳಿಕೊಳ್ಳುವಂಥ ಕೂಳೆ ಇಲ್ಲ. ಬುಡ ಕಡಿದರೆ ಬಹುಪಾಲು ಅಲ್ಲಿಗೆ ಮುಗಿಯಿತು. ಆದ್ದರಿಂದಲೇ ಈ ಮರದ ವಿಷಯದಲ್ಲಿ ಪ್ರಶ್ನೆ ಮೊನಚಾಗುತ್ತದೆ. ಇಲ್ಲಿ ಕಟಾವು ಎಂದರೆ ಕೊನೆ.

ವೇದಕಾಲದ ಯಜ್ಞಕ್ಕೆ ಯೂಪಸ್ತಂಭ ಬೇಕಾದಾಗ ಮರ ಕಡಿಯುವ ವಿಧಿಯನ್ನು ಶತಪಥ ಬ್ರಾಹ್ಮಣ ವಿವರಿಸುತ್ತದೆ. ಕೊಡಲಿ ಬೀಳುವ ಜಾಗದಲ್ಲಿ ಮೊದಲು ದರ್ಭೆಯ ಎಳೆಯನ್ನಿಟ್ಟು ಮರವನ್ನು ಕಾಯುವಂತೆ ಅದನ್ನು ಬೇಡಬೇಕು. ನೋಯಿಸಬೇಡವೆಂದು ಕೊಡಲಿಗೂ ಹೇಳಬೇಕು. ಮರ ಉರುಳಿದ ಮೇಲೆ ಬೊಡ್ಡೆಯ ಮೇಲೆ ತುಪ್ಪದ ಆಹುತಿ ಕೊಟ್ಟು ನೂರು ಕವಲಾಗಿ ಚಿಗುರುವಂತೆ ಹರಸಬೇಕು. ಯೂಪಕ್ಕೆ ಒದಗುತ್ತಿದ್ದ ಮುತ್ತುಗ ಮೊದಲಾದವು ಬೊಡ್ಡೆಯಿಂದ ಚಿಗುರಬಲ್ಲ ಮರಗಳು, ಆ ಹರಕೆ ಫಲಿಸುವ ಮಾತಾಗಿತ್ತು. ಸರ್ವೆಯ ಬೊಡ್ಡೆಗೆ ಅದೇ ಹರಕೆ ಫಲಿಸುವುದಿಲ್ಲ. ನೂರು ಕವಲು ಬೇಕೆಂದರೆ ಕಡಿದವರೇ ನೂರು ಸಸಿ ನೆಡಬೇಕು.

ಮರಕ್ಕೆ ನೋವಿದೆಯೇ

ಮರಕ್ಕೆ ಜೀವವೇ ಇಲ್ಲ ಎಂದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಭಾರತೀಯ ಚಿಂತನೆ ಹಾಗೆ ಮುಗಿಸಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಮರಗಳಿಗೆ ಇಂದ್ರಿಯಗಳಿಲ್ಲ ಎಂಬ ಭರದ್ವಾಜನ ಶಂಕೆಗೆ ಭೃಗು ಒಂದೊಂದಾಗಿ ಉತ್ತರ ಕೊಡುತ್ತಾನೆ. ಬಿಸಿಲಿಗೆ ಎಲೆ ಬಾಡುವುದರಿಂದ ಸ್ಪರ್ಶ, ಗುಡುಗಿನ ಸದ್ದಿಗೆ ಹೂಹಣ್ಣು ಉದುರುವುದರಿಂದ ಶ್ರವಣ, ಬಳ್ಳಿ ದಾರಿ ಹುಡುಕಿ ಹಬ್ಬುವುದರಿಂದ ದೃಷ್ಟಿ, ಬೇರಿನಿಂದ ನೀರು ಕುಡಿಯುವುದರಿಂದ ರುಚಿ ಮರಕ್ಕೂ ಇದೆ ಎಂಬುದು ಅವನ ವಾದ. ಗಿಡಮರಗಳಿಗೆ ಒಳಗಿನ ಅರಿವೂ ಸುಖದುಃಖವೂ ಇವೆ ಎಂದು ಮನುಸ್ಮೃತಿ ಒಪ್ಪುತ್ತದೆ. ಹಣ್ಣು ಬಿಡುವ ಮರವನ್ನು ಕಡಿದವನಿಗೆ ನೂರು ಋಕ್ಕುಗಳ ಜಪವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ.

ಜೈನಮತ ಇನ್ನಷ್ಟು ಕರಾರುವಾಕ್ಕಾಗಿ ಹೇಳುತ್ತದೆ. ಗಿಡಮರಗಳು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವಗಳು. ಹಂಪಿಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಕಾಣುವ ಗಾಣಗಿತ್ತಿ ಜಿನಾಲಯವನ್ನು 1385ರಲ್ಲಿ ವಿಜಯನಗರದ ದಂಡನಾಯಕ ಇರುಗಪ್ಪ ಕಟ್ಟಿಸಿದ. ದಂಡು ನಡೆಸುವವನೂ ಅಹಿಂಸೆಯ ಮತದಲ್ಲಿ ನಡೆದುಕೊಳ್ಳಲು ಸಾಧ್ಯವಾದದ್ದು ಆ ಮತ ಹಿಂಸೆಯನ್ನು ಬಗೆಬಗೆಯಾಗಿ ವಿಂಗಡಿಸಿದ್ದರಿಂದ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪದ ಹಿಂಸೆ. ಅಡುಗೆ, ಬೇಸಾಯ, ಕಸುಬಿನಲ್ಲಿ ತಪ್ಪಿಸಲಾಗದೆ ಆಗುವುದು ಬೇರೆ. ಗೃಹಸ್ಥ ಮೊದಲನೆಯದನ್ನು ಪೂರ್ತಿ ಬಿಡಬೇಕು, ಎರಡನೆಯದನ್ನು ಅಗತ್ಯದಷ್ಟಕ್ಕೆ ತಗ್ಗಿಸಬೇಕು. ಆದರೂ ಮರ ಕಡಿದು ಮಾರುವ ವನಕರ್ಮವನ್ನು ಶ್ರಾವಕ, ಎಂದರೆ ಜೈನ ಗೃಹಸ್ಥ, ದೂರವಿಡಬೇಕಾದ ಕಸುಬುಗಳ ಸಾಲಿನಲ್ಲಿ ಆಚಾರ್ಯರು ಸೇರಿಸಿದರು. ಬೇಸಾಯಕ್ಕೆ ಅನುಮತಿ, ಮರದ ವ್ಯಾಪಾರಕ್ಕೆ ಹಿಂಜರಿಕೆ. ಹೊಲದಲ್ಲಿ ಸರ್ವೆ ಬೆಳೆಯುವವನು ಈ ಎರಡರ ನಡುವಿನ ಗೆರೆಯ ಮೇಲೆಯೇ ನಿಂತಿದ್ದಾನೆ.

ವಿಜ್ಞಾನದ ಕಡೆಯಿಂದ ಜಗದೀಶಚಂದ್ರ ಬೋಸರು 20ನೆಯ ಶತಮಾನದ ಆರಂಭದಲ್ಲಿ ಗಿಡಗಳು ಶಾಖ, ವಿಷ, ಪೆಟ್ಟುಗಳಿಗೆ ವಿದ್ಯುತ್ ಪ್ರತಿಕ್ರಿಯೆ ತೋರುವುದನ್ನು ಅಳೆದು ತೋರಿಸಿದರು. ಗಾಯಗೊಂಡ ಗಿಡ ತನ್ನ ಬೇರೆ ಭಾಗಗಳಿಗೆ ಸಂಕೇತ ಕಳಿಸುತ್ತದೆ ಎಂಬುದು ಇಂದು ಒಪ್ಪಿತವಾದ ಸಂಗತಿ. ಅದನ್ನು ಪ್ರಾಣಿಯ ನೋವಿಗೆ ಸಮವೆನ್ನಲು ಹೆಚ್ಚಿನ ವಿಜ್ಞಾನಿಗಳು ಒಪ್ಪುವುದಿಲ್ಲ, ಏಕೆಂದರೆ ಗಿಡಕ್ಕೆ ನರವೂ ಇಲ್ಲ, ಮಿದುಳೂ ಇಲ್ಲ. ಆದ್ದರಿಂದ ನೋವಿನ ಮೇಲೊಂದೇ ಧರ್ಮವನ್ನು ನಿಲ್ಲಿಸಲು ಬರುವುದಿಲ್ಲ. ಪ್ರಶ್ನೆಯ ಇನ್ನೊಂದು ಮುಖ ಸಾಕಿದವನಿಗೂ ಸಾಕಿಸಿಕೊಂಡದ್ದಕ್ಕೂ ನಡುವಿನ ನಂಟು. ಅದು ಮರಕ್ಕೆ ನೋವಿದ್ದರೂ ಇಲ್ಲದಿದ್ದರೂ ಉಳಿಯುತ್ತದೆ.

ಕೊಡದ ನೀರಿನ ನಿಷೇಧ

ಆ ನಂಟನ್ನು ನೇರವಾಗಿ ಮುಟ್ಟಿದವನು ವರಾಹಮಿಹಿರ. 6ನೆಯ ಶತಮಾನದ ಅವನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗೆ ಮರ ತರಲು ಕಾಡಿಗೆ ಹೋಗುವ ಕ್ರಮ ಒಂದು ಪ್ರಕರಣವಾಗಿ ಬರುತ್ತದೆ. ಹಿಂದಿನ ರಾತ್ರಿ ಮರಕ್ಕೆ ಪೂಜೆ ಮಾಡಿ ಬಲಿ ಇಟ್ಟು, ಅದರಲ್ಲಿ ನೆಲೆಸಿದ ಭೂತಗಳು ಬೇರೆಡೆ ನೆಲೆ ಕಂಡುಕೊಳ್ಳಲಿ ಎಂದು ಬೇಡಿಕೊಳ್ಳಬೇಕು. ಬೆಳಗ್ಗೆ ಕೊಡಲಿಗೆ ಜೇನು, ತುಪ್ಪ ಸವರಿ ಕಡಿಯಬೇಕು. ಇದಕ್ಕೂ ಮೊದಲು ಯಾವ ಮರಗಳನ್ನು ಕಡಿಯಬಾರದು ಎಂಬ ಪಟ್ಟಿ ಇದೆ. ಸ್ಮಶಾನದ ಮರ, ದಾರಿಯ ಮರ, ದೇವಾಲಯದ ಮರ, ಹುತ್ತದ ಮೇಲಿನ ಮರ, ಉದ್ಯಾನದ ಮರ, ತಪಸ್ವಿಗಳ ಆಶ್ರಮದ ಮರ, ಹೊಳೆಗಳು ಕೂಡುವಲ್ಲಿನ ಮರ. ಅದೇ ಪಟ್ಟಿಯಲ್ಲಿ ಕೊಡದ ನೀರೆರೆದು ಬೆಳೆಸಿದ ಮರವೂ ಇದೆ.

ಪಟ್ಟಿಯ ಮಿಕ್ಕ ಮರಗಳು ಇರುವ ಜಾಗದಿಂದ ಪವಿತ್ರವೋ ಅಶುಚಿಯೋ ಆದವು. ಕೊನೆಯದು ಹಾಗಲ್ಲ, ಅದನ್ನು ಬೇರ್ಪಡಿಸಿದ್ದು ಮನುಷ್ಯನ ಆರೈಕೆ. ಕಾಡಿನ ಮರ ಮಳೆಯನ್ನು ನಂಬಿ ಬೆಳೆಯಿತು. ಕೊಡದ ನೀರು ಕುಡಿದ ಮರ ಒಬ್ಬರ ಕೈಯನ್ನು ನಂಬಿ ಬೆಳೆಯಿತು. ನಂಬಿಸಿದ ಕೈ ಕಡಿಯುವ ಕೈಯಾಗಬಾರದು ಎಂಬುದು ಈ ನಿಷೇಧದ ಹಿಂದಿನ ಭಾವವೆಂದು ಓದಲು ಅಡ್ಡಿಯಿಲ್ಲ. ಕಾಳಿದಾಸನ ಕುಮಾರಸಂಭವದಲ್ಲೂ ಇದೇ ತರ್ಕ ಇನ್ನೊಂದು ರೂಪದಲ್ಲಿದೆ. ತಾನು ವರವಿತ್ತು ಬೆಳೆಸಿದ ತಾರಕಾಸುರನನ್ನು ತಾನೇ ಕೊಲ್ಲಲೊಲ್ಲೆ ಎನ್ನುವ ಬ್ರಹ್ಮ, ವಿಷದ ಮರವಾದರೂ ನೆಟ್ಟು ಬೆಳೆಸಿದವನು ಕಡಿಯುವುದು ತರವಲ್ಲ ಎಂಬ ನೀತಿಯನ್ನು ಕಾರಣವಾಗಿ ಕೊಡುತ್ತಾನೆ. ಆ ತಾರಕನನ್ನು ಕೊಂದ ಕುಮಾರಸ್ವಾಮಿಯ ಪುರಾತನ ಗುಡಿ ಸಂಡೂರಿನ ಕಾಡಿನ ಬೆಟ್ಟದಲ್ಲಿದೆ.

ಇಂದಿನ ತೋಪಿನ ಬೇಸಾಯ ಈ ನಿಷೇಧವನ್ನು ತಲೆಕೆಳಗು ಮಾಡಿದೆ. ಕಾಡಿನ ಮರವನ್ನು ಮುಟ್ಟಬಾರದು, ಸಾಕಿದ ಮರವನ್ನು ಕಡಿಯಬಹುದು ಎಂಬುದು ಈಗಿನ ನಿಯಮ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ. ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಮರಗಳಿಗೆ ವಿನಾಯಿತಿ ಕೊಡುತ್ತದೆ. ಹಾಗಾದರೆ ಹಳೆಯ ನೀತಿ ತಪ್ಪೇ, ಹೊಸದು ತಪ್ಪೇ?

ಉತ್ತರ ಹಂಪಿಯ ಕಲ್ಲುಗಳಲ್ಲಿ ಅರ್ಧ ಸಿಗುತ್ತದೆ. ಅರಮನೆಯ ಆವರಣದಲ್ಲಿ ಸಭಾಮಂಟಪವೊಂದರ ಜಗತಿಯ ಮೇಲೆ ನೂರು ಕಂಬಗಳ ಕಲ್ಲಿನ ಪೀಠಗಳು ಸಾಲುಸಾಲಾಗಿ ಉಳಿದಿವೆ. ಪೀಠದ ಮೇಲೆ ಕಂಬಗಳಿಲ್ಲ, ಏಕೆಂದರೆ ಅವು ಮರದವು. 1565ರ ಯುದ್ಧದ ನಂತರ ನಗರಕ್ಕೆ ಬೆಂಕಿ ಬಿದ್ದಾಗ ಮರದ್ದೆಲ್ಲ ಹೋಯಿತು. ಒಂದು ಮಂಟಪಕ್ಕೇ ನೂರು ಕಂಬ ಬೇಕಾದರೆ ಅಂಥ ನಗರ ಸುತ್ತಲ ಕಾಡಿನಿಂದ ತಂದ ಮರ ಎಷ್ಟೆಂದು ಊಹಿಸಬಹುದು. ವರಾಹಮಿಹಿರನ ಕಾಲದಲ್ಲಿ ಕಾಡು ದೊಡ್ಡದು, ಊರು ಚಿಕ್ಕದು. ಕಾಡಿನಿಂದ ಒಂದು ಮರ ತಂದರೆ ಕಾಡಿಗೆ ಗೊತ್ತಾಗುತ್ತಿರಲಿಲ್ಲ. ಈಗ ಅಳತೆ ಅದಲುಬದಲಾಗಿದೆ. ಸಂಡೂರಿನ ಬೆಟ್ಟಗಳಲ್ಲಿ ಗಣಿಗಾರಿಕೆ ಮಿತಿ ಮೀರಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಬೇಕಾಯಿತು. ಮರಳಿ ತೆರೆಯುವ ಮುನ್ನ ಗಣಿಮಣ್ಣಿನ ರಾಶಿಗಳ ಮೇಲೆ ಹಸಿರು ಬೆಳೆಸುವುದೂ ಸೇರಿದಂತೆ ಪುನಶ್ಚೇತನ ಯೋಜನೆಯ ಷರತ್ತು ಬಂತು. ಕಾಡಿನ ಒಂದು ಮರವೂ ಲೆಕ್ಕಕ್ಕೆ ಬರುವ ಕಾಲ ಇದು. ಹೊಲದ ಸರ್ವೆ ಕಾಡಿನ ಮರದ ಬದಲಿಗೆ ಬೀಳುವುದಾದರೆ ನಿಷೇಧ ತಲೆಕೆಳಗಾದರೂ ಅದರ ಉದ್ದೇಶ ನೆಟ್ಟಗೇ ನಿಲ್ಲುತ್ತದೆ. ಎರಡರಲ್ಲೂ ರಕ್ಷಣೆ ಸಿಕ್ಕಿದ್ದು ಹೆಚ್ಚು ದಿಕ್ಕಿಲ್ಲದ ಮರಕ್ಕೆ.

ಬದಲಿಗೆ ಎಂಬ ಮಾತಿನ ಹೊಣೆ

ಈ ಸಮರ್ಥನೆ ಬದಲಿಗೆ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತು ಸುಳ್ಳಾದಲ್ಲಿ ಸಮರ್ಥನೆಯೂ ಬೀಳುತ್ತದೆ. ಹಾಗೆ ಬಿದ್ದ ಉದಾಹರಣೆ ಕರ್ನಾಟಕದಲ್ಲೇ ಇದೆ. 1984ರಲ್ಲಿ ರಚನೆಯಾದ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್‌ಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಕೊಡುವ ಏರ್ಪಾಡಾಯಿತು. ಅದು ಹಳ್ಳಿಗಳ ದನಕರು ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಗುಡ್ಡಗಾಡು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೋ–ಹಚ್ಚಿಕೋ ಎಂದು ಹೆಸರಾದ ಆ ಚಳವಳಿಯ ನಂತರ 1991ರಲ್ಲಿ ಕಂಪನಿ ಮುಚ್ಚಿತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಕುಸನೂರಿನವರು ಕಿತ್ತದ್ದೂ ಸಸಿಯನ್ನೇ, ಜೀವವನ್ನೇ. ಆದರೂ ಆ ಕೀಳುವಿಕೆಯಲ್ಲಿ ಧರ್ಮವಿತ್ತು, ಏಕೆಂದರೆ ನೆಡುವಿಕೆಯಲ್ಲಿ ಅದಿರಲಿಲ್ಲ.

ಹೊಸಪೇಟೆ ಸೀಮೆಗೂ ಈ ಪಾಠ ಅನ್ವಯಿಸುತ್ತದೆ. ಬಂಡೆಗಳ ನಡುವೆ ಕುರುಚಲು ಬೆಳೆದ ಗುಡ್ಡ ನೋಡುವವರಿಗೆ ಬರಡಾಗಿ ಕಾಣಬಹುದು. ಆದರೆ ಅಂಥದೇ ಕುರುಚಲು ಗುಡ್ಡಗಳು ಕರಡಿಗಳ ಮನೆ ಎಂಬ ಕಾರಣಕ್ಕೆ 1994ರಲ್ಲಿ ದರೋಜಿ ಕರಡಿಧಾಮವಾಯಿತು. ಸರ್ವೆಯ ದಟ್ಟ ನೆರಳಿನಲ್ಲಿ, ಕಡ್ಡಿಗಳ ಹಾಸಿನ ಮೇಲೆ ಹುಲ್ಲೂ ಪೊದೆಯೂ ಏಳುವುದು ಕಷ್ಟ. ಹಾಗಾಗಿ ಕರಡಿಗೆ ಹಣ್ಣು, ಗೆದ್ದಲು ಸಿಗುವ ಗುಡ್ಡದಲ್ಲಿ ಸರ್ವೆ ನೆಟ್ಟರೆ ಅದು ಕಾಡನ್ನು ಉಳಿಸಿದಂತಲ್ಲ, ಅಳಿಸಿದಂತೆ. ಹೊಲದ ಬದು, ಚೌಳಾಗಿ ಬೇರೆ ಬೆಳೆ ಒಲ್ಲದ ತಗ್ಗು, ಸ್ವಂತ ಮಸಾರಿ ಜಮೀನು ಇವು ಅದಕ್ಕೆ ಸಲ್ಲುವ ಜಾಗ.

ಭತ್ತವನ್ನೂ ಸಾಕಿಯೇ ಕೊಯ್ಯುತ್ತೇವಲ್ಲ, ಮರಕ್ಕೆ ಮಾತ್ರ ಈ ತಕರಾರೇಕೆ ಎಂಬ ಆಕ್ಷೇಪವೂ ಇದೆ. ಭತ್ತ ತೆನೆ ಬಲಿತ ಮೇಲೆ ತಾನಾಗಿಯೇ ಒಣಗುವ ಬೆಳೆ. ಕುಡುಗೋಲು ಅದರ ಬಾಳಿನ ಕೊನೆಯಲ್ಲಿ ಬರುತ್ತದೆ. ಸರ್ವೆಗೆ ಕೊಡಲಿ ಬರುವುದು ಬಾಳು ಆರಂಭವಾಗುವ ಹೊತ್ತಿಗೆ. ವ್ಯತ್ಯಾಸ ಇರುವುದು ನಿಜ, ಆದ್ದರಿಂದ ಭತ್ತಕ್ಕಿಲ್ಲದ ಹೊಣೆ ಸರ್ವೆಯ ಬೆಳೆಗಾರನಿಗಿದೆ. ತೆಗೆದುಕೊಳ್ಳುವುದೂ ಪೂಜೆಯ ಭಾಗವಾಗಬಲ್ಲದು ಎಂಬುದನ್ನು ಹಂಪಿಯಲ್ಲೇ ಬಾಳಿದ ಕವಿ ಹರಿಹರ ಪುಷ್ಪರಗಳೆಯಲ್ಲಿ ತೋರಿಸಿದ್ದಾನೆ. ವಿರೂಪಾಕ್ಷನಿಗಾಗಿ ಹೂ ಬೆಳೆಸುವುದು, ನಸುಕಿನಲ್ಲಿ ಅದನ್ನು ಮೆಲ್ಲಗೆ ಬಿಡಿಸುವುದು, ಮಾಲೆ ಕಟ್ಟಿ ಏರಿಸುವುದು ಅಲ್ಲಿ ಒಂದೇ ಭಕ್ತಿಯ ಕೆಲಸ. ಹಾಗೆ ಬೆಳೆಸಿದವನಿಗೆ ಬಿಡಿಸಿದ ಹೂವನ್ನು ಹಾಳುಮಾಡಲು ಮನಸ್ಸು ಬರುವುದಿಲ್ಲ.

ಸರ್ವೆಯ ಬೆಳೆಗಾರನ ಹೊಣೆಗಳನ್ನು ಹೀಗೆ ಹೇಳಬಹುದು. ಯಾವುದರ ಬದಲಿಗೆ ಬೆಳೆಯುತ್ತಿದ್ದೇನೆ ಎಂಬುದು ನೆಡುವ ಮೊದಲೇ ತಿಳಿದಿರಬೇಕು. ಕಡಿಯುವ ಮರವೆಂದು ಆರೈಕೆಯಲ್ಲಿ ಕೊರತೆ ಮಾಡಬಾರದು. ಕಂಬ ಬಲಿಯುವ ಮೊದಲೇ ಅವಸರದಿಂದ ಕಡಿಯಬಾರದು. ಹಕ್ಕಿ ಗೂಡು ಕಟ್ಟಿದ ಮರವಿದ್ದರೆ ಮರಿಗಳು ಹಾರುವವರೆಗೆ ಕಾಯಬೇಕು, ಹಿಂದಿನವರು ಮರದ ಭೂತಗಳಿಗೆ ಕೊಟ್ಟ ಒಂದು ರಾತ್ರಿಯ ಗಡುವು ಇದೇ ಕರುಣೆಯದು. ಕಡಿದ ಮೇಲೆ ಕೊಂಬೆ, ಬೇರು, ತರಗು ಯಾವುದೂ ವ್ಯರ್ಥವಾಗಬಾರದು. ಬೊಡ್ಡೆ ತಾನು ಚಿಗುರದ ಕಾರಣ ಮುಂದಿನ ಮುಂಗಾರಿಗೆ ಆ ಜಾಗ ತುಂಬಬೇಕು.

ಕೊನೆಯದಾಗಿ, ತೋಪಿನ ಅಂಚಿನಲ್ಲಿ ಕೆಲವು ಮರಗಳನ್ನಾದರೂ ಕಡಿಯದೆ ಪೂರ್ಣಾಯುಷ್ಯಕ್ಕೆ ಬಿಡಬೇಕು. ವರಾಹಮಿಹಿರನ ಮಾತನ್ನು ಪೂರ್ತಿ ಪಾಲಿಸಲಾಗದ ಕಾಲದಲ್ಲಿ ಅಷ್ಟರಮಟ್ಟಿಗೆ ಪಾಲಿಸಿದಂತಾಗುತ್ತದೆ. ಇದರಿಂದ ಬೇಸಾಯಕ್ಕೂ ಲಾಭವಿದೆ. ಬಲಿತ ಮರ ಒಳ್ಳೆಯ ಬೀಜ ಕೊಡುತ್ತದೆ, ಗಾಳಿ ತಡೆದು ಒಳಗಿನ ಎಳೆಯ ಸಾಲುಗಳನ್ನು ಕಾಯುತ್ತದೆ. ಅದರ ಬುಡದ ಒಂದು ಬೊಗಸೆ ಮಣ್ಣಿನಲ್ಲಿ ಮುಂದಿನ ತಲೆಮಾರಿನ ಸಸಿಗಳಿಗೆ ಬೇಕಾದ ಸೂಕ್ಷ್ಮಜೀವಿ ಇರುತ್ತದೆ. ಆ ಮಣ್ಣು ಹೊಸ ಚೀಲಗಳಿಗೆ ಸೇರುವ ತನಕ ಸರ್ವೆಯ ಕಟಾವು ಮುಗಿದಂತಲ್ಲ.